ಕವಡೆ ಕಟ್ಟಿದ ಪಾತಾಳ

ರಬಕವಿ–ಬನಹಟ್ಟಿಗಳ ನೇಕಾರರ ಓಣಿಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಜಕಾರ್ಡ್ ಎಂಬ ಸಾಧನವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಗ್ಗದ ನೆತ್ತಿಯ ಮೇಲೆ ಕುಳಿತು, ತೂತು ಕೊರೆದ ರಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಓದಿಕೊಳ್ಳುತ್ತ, ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೆಳಗೇ ನಿಲ್ಲಬೇಕು ಎಂಬುದನ್ನು ಅದು ನಿರ್ಣಯಿಸುತ್ತದೆ. ಅದಕ್ಕೂ ಮೊದಲು ನಕ್ಷೆ ಬರೆಯುವವನು ಚೌಕುಳಿ ಕಾಗದದ ಮೇಲೆ ಹೂವನ್ನೋ ನವಿಲನ್ನೋ ಚೌಕಗಳನ್ನು ತುಂಬುತ್ತ ತುಂಬುತ್ತ ಮೂಡಿಸಿರುತ್ತಾನೆ. ತೂತಿದ್ದರೆ ಎಳೆ ಏಳಲಿ, ಇಲ್ಲದಿದ್ದರೆ ಬೇಡ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಉಪಾಯದ ದೊಡ್ಡ ಗುಣವೆಂದರೆ, ಒಮ್ಮೆ ಪಟ್ಟಿಯನ್ನು ಕೊರೆದು ಮುಗಿಸಿದ ಮೇಲೆ ನೂರನೆಯ ಸೀರೆಯ ಸೆರಗೂ ಮೊದಲನೆಯದರಂತೆಯೇ ಬರುತ್ತದೆ.

ಅದೇ ಮನೆಗಳ ಕಟ್ಟೆಯ ಮೇಲೆ, ಬಿಡುವಿನ ವೇಳೆಯಲ್ಲಿ, ಚೌಕಾಬಾರದ ಮನೆ ಬರೆದು ನಾಲ್ಕು ಕವಡೆಗಳನ್ನು ಎಸೆಯುವುದೂ ಉಂಟು. ಅಲ್ಲಿ ಒಂದು ಆಟದಂತೆ ಇನ್ನೊಂದು ಆಟ ನಡೆದದ್ದನ್ನು ಯಾರೂ ಕಂಡಿಲ್ಲ. ಮಗ್ಗ ಎಂದೂ ಮರೆಯದು. ಕವಡೆ ಎಂದೂ ನೆನಪಿಡದು. ಒಂದರ ಸ್ವಭಾವ ಇನ್ನೊಂದಕ್ಕೆ ನೇರ ವಿರುದ್ಧ.

ಗಣಕಯಂತ್ರವು ಈ ಎರಡರಲ್ಲಿ ಯಾವ ಕುಲಕ್ಕೆ ಸೇರಿದ್ದು? ಅನುಮಾನವೇ ಬೇಡ, ಮಗ್ಗದ ಕುಲಕ್ಕೆ. ತೂತಿನ ಪಟ್ಟಿಗಳು ಮಗ್ಗದಿಂದ ಇಳಿದು ಚಾರ್ಲ್ಸ್ ಬ್ಯಾಬೇಜನ ಯಂತ್ರದ ಯೋಜನೆಗೂ, ಅಲ್ಲಿಂದ ಮುಂದೆ 1890ರ ಅಮೆರಿಕದ ಜನಗಣತಿಗಾಗಿ ಹರ್ಮನ್ ಹಾಲೆರಿತ್ ಕಟ್ಟಿದ ಎಣಿಕೆಯ ಯಂತ್ರಕ್ಕೂ ಹೋದವು. ಹೇಳಿದ್ದನ್ನು ಹೇಳಿದಂತೆ, ಪ್ರತಿಸಲವೂ ಒಂದೇ ರೀತಿಯಲ್ಲಿ ಮಾಡುವುದೇ ಗಣಕದ ಧರ್ಮ. ಹಾಗಿರುವಾಗ, ತನ್ನನ್ನು ಬರೆದವನಿಗೇ ಅಚ್ಚರಿಯುಂಟುಮಾಡುವ ಆಟವೊಂದನ್ನು ಅದರಿಂದ ಆಡಿಸಲಾದೀತೇ? ಬರೆದವನಿಗೆ ಎಲ್ಲವೂ ಮೊದಲೇ ಗೊತ್ತಲ್ಲವೇ? ಈ ಪ್ರಶ್ನೆಗೆ 1980ರ ಸುಮಾರಿನಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಕೊಟ್ಟ ಉತ್ತರದ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಆಟದ ಹೆಸರು ‘ರೋಗ್’. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಶಾಖೆಯಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್ಮನ್ ಅದರ ಕರ್ತೃಗಳು.

ಆಟದ ವಸ್ತು ಬಹು ಸರಳ. ಒಬ್ಬ ಒಂಟಿ ಸಾಹಸಿ ನೆಲದಡಿಯ ಕೋಣೆಗಳ ಜಾಲವೊಂದಕ್ಕೆ ಇಳಿಯುತ್ತಾನೆ. ನಮ್ಮ ಕಡೆಯ ಹಗೇವನ್ನು ಬಲ್ಲವರಿಗೆ ಆ ಕತ್ತಲೆಯ ಕಲ್ಪನೆ ಸುಲಭವಾಗಿ ಬಂದೀತು. ಆದರೆ ಇಲ್ಲಿ ಒಂದರ ಕೆಳಗೊಂದು ಹಗೇವು, ಮೆಟ್ಟಿಲಿಳಿದಷ್ಟೂ ಮತ್ತೊಂದು ಅಂತಸ್ತು. ಕೋಣೆಗಳಲ್ಲಿ ಚಿನ್ನ, ಆಯುಧ, ಮದ್ದಿನ ಸೀಸೆ, ಮಂತ್ರದ ಸುರುಳಿಗಳು ಬಿದ್ದಿರುತ್ತವೆ. ಮೃಗಗಳೂ ಪಿಶಾಚಿಗಳೂ ಹೊಂಚುಹಾಕಿರುತ್ತವೆ. ಇಪ್ಪತ್ತಾರನೆಯ ಅಂತಸ್ತಿನಷ್ಟು ಆಳಕ್ಕೆ ಇಳಿದು, ‘ಯೆಂಡರ್’ ಎಂಬ ಮಾಂತ್ರಿಕನ ತಾಯಿತವನ್ನು ತೆಗೆದುಕೊಂಡು ಜೀವಸಹಿತ ಮೇಲೆ ಬಂದರೆ ಗೆಲುವು. ಗೆದ್ದವರು ವಿರಳ.

ಇಂಥ ಆಟಕ್ಕೆ ರೋಗ್ ಮೊದಲನೆಯದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ್ದರು. ನಾಲ್ಕಾರು ಗೆಳೆಯರು ಸುತ್ತ ಕುಳಿತು, ಒಬ್ಬನು ನೆಲಮಾಳಿಗೆಯ ನಕ್ಷೆಯನ್ನು ಬಚ್ಚಿಟ್ಟುಕೊಂಡು ಕಥೆ ಹೇಳುತ್ತ, ಉಳಿದವರು ದಾಳ ಹಾಕುತ್ತ ಆಡುವ ಆಟವದು. ಮರುವರ್ಷವೇ, ಅಂದರೆ 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಎಂಬ ಬೋಧನಾ ಗಣಕದಲ್ಲಿ ರಸ್ಟಿ ರದರ್‌ಫರ್ಡ್ ಎಂಬವರು ಅದನ್ನು ಹೋಲುವ ಆಟವೊಂದನ್ನು ಬರೆದರು. ಪಾಠಕ್ಕೆಂದು ಇಟ್ಟ ಯಂತ್ರದಲ್ಲಿ ಆಟಕ್ಕೆ ಎಡೆಯೆಲ್ಲಿ? ಅವರ ವಿಭಾಗಕ್ಕೆ ಮೀಸಲಾಗಿದ್ದು ಬಳಕೆಯಾಗದೆ ಉಳಿದಿದ್ದ ‘ಪೆಡಿಟ್5’ ಎಂಬ ಕಡತದ ಜಾಗದಲ್ಲಿ ಅದನ್ನು ಅಡಗಿಸಿಟ್ಟರು. ಆ ಕಡತದ ಹೆಸರೇ ಆಟದ ಹೆಸರಾಗಿ ನಿಂತಿತು. ಮೇಲ್ವಿಚಾರಕರು ಕಂಡಾಗಲೆಲ್ಲ ಅಳಿಸಿಹಾಕುತ್ತಿದ್ದರು, ಅದು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಅಲ್ಲಿ ಎದುರಾಗುವ ಮೃಗಗಳು ಬದಲಾಗುತ್ತಿದ್ದವು. ಆದರೆ ಕೋಣೆಗಳ ನಕ್ಷೆ ಮಾತ್ರ ಒಂದೇ.

ಟಾಯ್ ಮತ್ತು ವಿಕ್ಮನ್ ಮರುಳಾಗಿದ್ದುದು ಇನ್ನೊಂದು ಆಟಕ್ಕೆ. ಕೆಂಟಕಿ ಪ್ರಾಂತದ ಮ್ಯಾಮತ್ ಗವಿಯ ಮೋಜಣಿಯಲ್ಲಿ ಪಾಲ್ಗೊಂಡಿದ್ದ ವಿಲ್ ಕ್ರೌದರ್ ಎಂಬ ಗಣಕತಜ್ಞರು 1970ರ ದಶಕದ ನಡುವಿನಲ್ಲಿ ಆರಂಭಿಸಿ, 1977ರಲ್ಲಿ ಡಾನ್ ವುಡ್ಸ್ ಎಂಬವರು ಬೆಳೆಸಿದ ‘ಅಡ್ವೆಂಚರ್’ ಅದು. ಚಿತ್ರವಿಲ್ಲ, ಬರಿಯ ಮಾತು. ‘ನೀನೊಂದು ಗವಿಯಲ್ಲಿದ್ದೀ’ ಎಂಬ ಧಾಟಿಯಲ್ಲಿ ಯಂತ್ರ ವರ್ಣಿಸುತ್ತದೆ. ಆಡುವವನು ಎರಡು ಪದಗಳಲ್ಲಿ ಅಪ್ಪಣೆ ಕೊಡುತ್ತಾನೆ. ಸೊಗಸಾದ ಆಟವೇ ಸರಿ. ಆದರೆ ಒಮ್ಮೆ ಅದರ ಒಗಟುಗಳನ್ನು ಬಿಡಿಸಿದವನಿಗೆ ಎರಡನೆಯ ಸಲ ಏನು ಉಳಿಯಿತು? ಗವಿ ಅದೇ, ಕಳ್ಳ ಅದೇ, ಕೀಲಿಕೈ ಇರುವ ಮೂಲೆಯೂ ಅದೇ. ಜಕಾರ್ಡಿನ ನೂರನೆಯ ಸೆರಗು! ಆಡುವವನ ಪಾಡೇ ಹೀಗಾದರೆ ಬರೆದವನ ಗತಿಯೇನು? ಅವನಿಗಂತೂ ಮೊದಲನೆಯ ಸಲದ ಸುಖವೂ ಇಲ್ಲ. ತಾವು ಬರೆದ ಆಟವನ್ನು ತಾವೂ ಆಡಿ ಆನಂದಿಸುವಂತಿರಬೇಕು ಎಂಬ ಹಂಬಲದಿಂದ ರೋಗ್ ಹುಟ್ಟಿತು ಎಂದು ವಿಕ್ಮನ್ ಅನಂತರ ಬರೆದಿದ್ದಾರೆ.

ಇದಕ್ಕೆ ಕವಡೆಯನ್ನು ಕರೆಸಬೇಕು, ನಿಜ. ಆದರೆ ಯಾವ ಕೆಲಸಕ್ಕೆ? ಚೌಕಾಬಾರದಲ್ಲಿ ಮನೆಗಳು ಸ್ಥಿರ. ಕವಡೆ ಕಾಯನ್ನು ಮಾತ್ರ ನಡೆಸುತ್ತದೆ. ಪಗಡೆ, ಹಾವು–ಏಣಿ, ಎಲ್ಲವೂ ಹೀಗೆಯೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಬಗೆಬಗೆಯ ಮಣೆಯಾಟಗಳನ್ನು ಕಲ್ಪಿಸಿದ ರಸಿಕರು. ಅವರ ಮಣೆಗಳೂ ಬರೆದ ಮೇಲೆ ಬರೆದಂತೆಯೇ. ರೋಗ್ ಆಟದಲ್ಲಿ ಕವಡೆಯು ಕಾಯನ್ನು ನಡೆಸುವುದರ ಜೊತೆಗೆ ಮಣೆಯನ್ನೇ ಬರೆಯುತ್ತದೆ. ಆಟಕ್ಕೆ ಕುಳಿತ ಪ್ರತಿಸಲವೂ, ಮೆಟ್ಟಿಲಿಳಿದ ಪ್ರತಿಸಲವೂ, ಅಲ್ಲಿಯವರೆಗೆ ಯಾರೂ ಕಾಣದ ಒಂದು ಪಾತಾಳ ಹೊಸದಾಗಿ ಕಟ್ಟಲ್ಪಡುತ್ತದೆ.

ಇನ್ನು ಕಟ್ಟುವ ಬಗೆ. ಆ ಕಾಲದ ಟರ್ಮಿನಲ್ಲಿನ ಪರದೆಯೆಂದರೆ ಅಡ್ಡಲಾಗಿ 80, ಉದ್ದಕ್ಕೆ 24, ಒಟ್ಟು 1,920 ಮನೆಗಳ ಒಂದು ಚೌಕುಳಿ ಕಾಗದ. ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರವೋ ಚಿಹ್ನೆಯೋ ಕೂಡಬಹುದು. ಚಿತ್ರ ಬರೆಯುವ ಸೌಕರ್ಯವಿಲ್ಲ. ಹೀಗಾಗಿ ನೆಲಕ್ಕೆ ಚುಕ್ಕಿ, ಗೋಡೆಗೆ ಅಡ್ಡಗೆರೆ ಮತ್ತು ಉದ್ದಗೆರೆ, ಬಾಗಿಲಿಗೆ ಕೂಡುವ ಚಿಹ್ನೆ, ಸುರಂಗದ ಹಾದಿಗೆ #, ಸಾಹಸಿಗೆ @ ಎಂದಾಯಿತು. ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರಗಳು ಇಪ್ಪತ್ತಾರು ಬಗೆಯ ಪ್ರಾಣಿಗಳಾದವು: ‘ಬಿ’ ಬಾವಲಿ, ‘ಡಿ’ ಡ್ರ್ಯಾಗನ್. ನಮ್ಮ ವರ್ಣಮಾಲೆಯಲ್ಲಿ ಈ ಆಟ ಹುಟ್ಟಿದ್ದರೆ ಪಾತಾಳದ ಪ್ರಾಣಿಸಂಖ್ಯೆ ಸುಮಾರು ಇಮ್ಮಡಿಯಾಗುತ್ತಿತ್ತು!

ಈ 1,920 ಮನೆಗಳನ್ನೂ ಕವಡೆ ಎಸೆದೇ ತುಂಬಿದರೆ ಏನಾದೀತು? ನೆಲದ ಮೇಲೆ ರಾಗಿ ಚೆಲ್ಲಿದಂತಾದೀತು, ಅಷ್ಟೇ. ಅದರಲ್ಲಿ ಕೋಣೆಯೂ ಇಲ್ಲ, ದಾರಿಯೂ ಇಲ್ಲ. ಬರಿಯ ಯಾದೃಚ್ಛಿಕತೆಯಿಂದ ಅಚ್ಚರಿ ಹುಟ್ಟುವುದಿಲ್ಲ; ಎಲ್ಲವೂ ಅನಿರೀಕ್ಷಿತವಾದಾಗ ನಿರೀಕ್ಷೆಗೇ ಎಡೆಯಿಲ್ಲ. ಕವಡೆಗೆ ಒಂದು ಮಗ್ಗದ ಕಟ್ಟು ಬೇಕು. ಟಾಯ್ ಮತ್ತು ವಿಕ್ಮನ್ ಒದಗಿಸಿದ ಕಟ್ಟು ಇದು: ಪರದೆಯನ್ನು ಮೂರು ಸಾಲು, ಮೂರು ಕಂಬಗಳಾಗಿ ಒಂಬತ್ತು ಭಾಗ ಮಾಡಿದರು. ಒಂದೊಂದು ಭಾಗವೂ ಸುಮಾರು 26 ಮನೆ ಅಗಲ, 8 ಮನೆ ಎತ್ತರ. ಪ್ರತಿ ಭಾಗದಲ್ಲಿ ಹೆಚ್ಚೆಂದರೆ ಒಂದು ಕೋಣೆ. ಅದರ ಉದ್ದಗಲಗಳೂ ಆ ಭಾಗದೊಳಗೆ ಅದು ನಿಲ್ಲುವ ಸ್ಥಳವೂ ಕವಡೆಗೆ ಬಿಟ್ಟದ್ದು. ಮೂರರವರೆಗೆ ಕೋಣೆಗಳು ಇಲ್ಲದೆಯೂ ಇರಬಹುದು. ಅಲ್ಲಿ ಸುರಂಗಗಳು ಮಾತ್ರ ಹಾಯ್ದುಹೋಗುತ್ತವೆ. ಆಳಕ್ಕೆ ಇಳಿದಂತೆ ಬೆಳಕಿಲ್ಲದ ಕೋಣೆಗಳು ಹೆಚ್ಚುತ್ತವೆ.

ಕೋಣೆಗಳಾದುವು; ಅವನ್ನು ಕೂಡಿಸುವುದು ಹೇಗೆ? ನನಗೆ ಇಡೀ ಆಟದಲ್ಲಿ ಬಹಳ ಹಿಡಿಸಿದ ಭಾಗ ಇದು. ಓದುಗರು ಒಂದು ಹಾಳೆಯ ಮೇಲೆ ಒಂಬತ್ತು ಚೌಕಗಳನ್ನು ಬರೆದು, ಮೇಲಿನ ಸಾಲಿನಿಂದ 1, 2, 3 ಎಂದು 9ರವರೆಗೆ ಅಂಕಿ ಹಾಕಿಕೊಂಡು ತಾವೇ ಮಾಡಿನೋಡಬಹುದು. ಯಾವುದಾದರೂ ಒಂದು ಕೋಣೆಯಿಂದ ಹೊರಡಿ, 5 ಎಂದಿಟ್ಟುಕೊಳ್ಳೋಣ. ಅದರ ನೆರೆಯವು 2, 4, 6, 8. ಇವುಗಳಲ್ಲಿ ಒಂದನ್ನು ಚೀಟಿಯೆತ್ತಿ ಆರಿಸಿ. 6 ಬಂದರೆ 5ರಿಂದ 6ಕ್ಕೆ ಸುರಂಗ ತೋಡಿ. ಈಗ 6ರ ಬಳಿ ನಿಂತು, ಇನ್ನೂ ಸೇರದ ನೆರೆಯವುಗಳಲ್ಲಿ, ಅಂದರೆ 3 ಮತ್ತು 9ರಲ್ಲಿ, ಒಂದನ್ನು ಆರಿಸಿ ಮುಂದುವರಿಯಿರಿ. ನಿಂತ ಕೋಣೆಗೆ ಸೇರದ ನೆರೆಯೇ ಉಳಿದಿಲ್ಲವೆಂದಾದರೆ, ಈಗಾಗಲೇ ಸೇರಿದ ಬೇರೊಂದು ಕೋಣೆಗೆ ಬಂದು ಅಲ್ಲಿಂದ ಯತ್ನಿಸಿ. ಸರಿಯಾಗಿ ಎಂಟು ಸುರಂಗಗಳಾದಾಗ ಒಂಬತ್ತು ಕೋಣೆಗಳೂ ಸೇರಿರುತ್ತವೆ. ಏಕೆಂದರೆ ಪ್ರತಿ ಸುರಂಗವೂ ಒಂದು ಹೊಸ ಕೋಣೆಯನ್ನು ಹಳೆಯ ಗುಂಪಿಗೆ ತರುತ್ತದೆ; ಗುಂಪಿಗೆ ಬಂದದ್ದು ಮತ್ತೆಂದೂ ಬೇರ್ಪಡುವುದಿಲ್ಲ. ಚೀಟಿ ಹೇಗೇ ಬೀಳಲಿ, ಯಾವ ಕೋಣೆಯಿಂದಲೂ ಯಾವ ಕೋಣೆಗಾದರೂ ಹೋಗಲು ದಾರಿ ಇದ್ದೇ ಇರುತ್ತದೆ! ಯಾವ ದಾರಿ ಎಂಬುದು ಕವಡೆಯ ಕೈಯಲ್ಲಿ. ದಾರಿ ಉಂಟು ಎಂಬುದು ಗಣಿತದ ಕೈಯಲ್ಲಿ. ಆಟ ಬರೆದವನು ಕಂಡೇ ಇಲ್ಲದ ನಕ್ಷೆಯ ಬಗೆಗೆ ಇಷ್ಟು ನಿಶ್ಚಯವಾಗಿ ಮಾತು ಕೊಡಬಲ್ಲನೆಂದರೆ ಸಣ್ಣ ಸಂಗತಿಯಲ್ಲ.

ಆದರೂ ಎಂಟೇ ಸುರಂಗಗಳಾದರೆ ಎರಡು ಕೋಣೆಗಳ ನಡುವೆ ಒಂದೇ ಹಾದಿ. ಹಿಂದಿನಿಂದ ಮೃಗ ಅಟ್ಟಿಸಿಕೊಂಡು ಬಂದಾಗ ಮುಂದೆ ಗೋಡೆ ಸಿಕ್ಕರೆ ಕಥೆ ಮುಗಿಯಿತು. ಅದಕ್ಕಾಗಿ ಕೊನೆಯಲ್ಲಿ ಇನ್ನೂ ಕೆಲವು ಸುರಂಗಗಳನ್ನು, ಎಷ್ಟೆಂಬುದನ್ನೂ ಕವಡೆಗೇ ಬಿಟ್ಟು, ಸೇರಿಸುತ್ತಾರೆ. ಒಂಬತ್ತು ಚೌಕಗಳಲ್ಲಿ ನೆರೆಹೊರೆಯ ಜೋಡಿಗಳು ಒಟ್ಟು ಹನ್ನೆರಡು. ಎಂಟು ಕಳೆದರೆ ಹೆಚ್ಚುವರಿಗೆ ನಾಲ್ಕು ಉಳಿಯುತ್ತವೆ.

ಇಷ್ಟು ಹೊತ್ತು ಯಂತ್ರದೊಳಗೆ ಕವಡೆಯಿದೆಯೆಂಬಂತೆ ಮಾತಾಡಿದೆವು. ನಿಜದ ಕವಡೆ ನಾಲ್ಕನ್ನು ಎಸೆದಾಗ, ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಂಭವವೆಂದು ಹಿಡಿದರೆ, ಹದಿನಾರು ಬಗೆಗಳಲ್ಲಿ ಆರರಲ್ಲಿ ಎರಡು ಬೀಳುತ್ತದೆ, ಚೌಕವೂ ಬಾರವೂ ಒಂದೊಂದರಲ್ಲಿ ಮಾತ್ರ. (ಕವಡೆಯ ಬೆನ್ನು ಉಬ್ಬಿದೆ, ಹೊಟ್ಟೆ ಚಪ್ಪಟೆ, ಆದುದರಿಂದ ಈ ಸಮಸಂಭವವನ್ನು ನಂಬದೆ ನೂರು ಸಲ ಎಸೆದು ಎಣಿಸುವುದು ಒಳ್ಳೆಯ ಪ್ರಯೋಗ.) ಆದರೆ ಮಗ್ಗದ ಕುಲದ ಯಂತ್ರದಲ್ಲಿ ಕವಡೆ ಎಲ್ಲಿಂದ ಬರಬೇಕು? ಇದಕ್ಕೆ ಗಣಿತಜ್ಞ ಡಿ. ಎಚ್. ಲೆಹ್ಮರ್ 1949ರಲ್ಲಿ ಸೂಚಿಸಿದ ಯುಕ್ತಿಯೊಂದು ದಾರಿ ತೋರಿಸಿತು. ಅದರಿಂದ ಬೆಳೆದ ವಿಧಾನದ ಒಂದು ಪುಟ್ಟ ಮಾದರಿ ಹೀಗಿದೆ: ಯಾವುದಾದರೂ ಸಂಖ್ಯೆಯನ್ನು ತೆಗೆದುಕೊಂಡು ಐದರಿಂದ ಗುಣಿಸಿ, ಮೂರು ಕೂಡಿಸಿ, ಹದಿನಾರರಿಂದ ಭಾಗಿಸಿ, ಉಳಿದ ಶೇಷವೇ ಮುಂದಿನ ಸಂಖ್ಯೆ. 7ರಿಂದ ಹೊರಟರೆ ಬರುವ ಸಾಲು: 7, 6, 1, 8, 11, 10, 5, 12, 15, 14, 9, 0, 3, 2, 13, 4, ಅನಂತರ ಮತ್ತೆ 7. ಸೊನ್ನೆಯಿಂದ ಹದಿನೈದರವರೆಗೆ ಎಲ್ಲವೂ ಒಂದೊಂದು ಸಲ ಬಂದಿವೆ, ಆದರೆ ಕಲಸಿಟ್ಟಂತೆ. ನಿಯಮ ತಿಳಿಯದವನಿಗೆ ಇದು ಕವಡೆಯಾಟ. ತಿಳಿದವನಿಗೆ ಮಗ್ಗಿಯ ಲೆಕ್ಕ. ಕುಂದೂ ಇದೆ: ಬೆಸ, ಸಮ, ಬೆಸ, ಸಮ ಎಂದು ಸಾಲು ತಪ್ಪದೆ ಸಾಗುತ್ತಿರುವುದನ್ನು ಚುರುಕು ಕಣ್ಣಿನವರು ಆಗಲೇ ಗುರುತಿಸಿರಬಹುದು. ಹದಿನಾರರ ಬದಲು ಬಹು ದೊಡ್ಡ ಸಂಖ್ಯೆಯಿಂದ ಭಾಗಿಸಿ, ಶೇಷದ ಕೊನೆಯ ಅಂಕಿಗಳನ್ನು ಬಿಟ್ಟು ಮೇಲಿನವನ್ನು ಮಾತ್ರ ಬಳಸಿದರೆ ಈ ಕುಂದು ಬಹುಮಟ್ಟಿಗೆ ಮರೆಯಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ 32 ಅಂಕಿಗಳ ಸಂಖ್ಯೆಗಳನ್ನು ಬಳಸಿದರೆ ಸಾಲಿನ ಉದ್ದ 429 ಕೋಟಿಗೂ ಮಿಕ್ಕೀತು.

ಇನ್ನು ಉಳಿದದ್ದು ‘ಎಲ್ಲಿಂದ ಹೊರಡುವುದು’ ಎಂಬ ಪ್ರಶ್ನೆ. ಪ್ರತಿಸಲವೂ 7ರಿಂದಲೇ ಹೊರಟರೆ ಮತ್ತೆ ಅದೇ ಸೆರಗು. ರೋಗ್ ಆಟವು ಹೊರಡುವ ಸಂಖ್ಯೆಯನ್ನು, ಅಂದರೆ ಬೀಜಸಂಖ್ಯೆಯನ್ನು, ಗಣಕದ ಗಡಿಯಾರದಿಂದ ತೆಗೆದುಕೊಳ್ಳುತ್ತದೆ. ಆಟ ಆರಂಭವಾದ ಸೆಕೆಂಡಿನ ಲೆಕ್ಕಕ್ಕೆ, ಅದೇ ಹೊತ್ತಿನಲ್ಲಿ ಗಣಕವು ಆ ಕ್ರಮವಿಧಿಗೆ ಕೊಟ್ಟ ಸರದಿಯ ಸಂಖ್ಯೆಯನ್ನು ಕೂಡಿಸಿದರೆ ಬೀಜ ಸಿದ್ಧ. ಒಂದು ಸೆಕೆಂಡು ತಡವಾಗಿ ಕೀಲಿ ಒತ್ತಿದವನಿಗೆ ಬೇರೆಯೇ ಪಾತಾಳ. ಪಾತಾಳವು ಪೂರ್ಣವಾಗಿ ಬೀಜದಲ್ಲಿ ಅಡಗಿದೆ. ಅದೇ ಬೀಜವನ್ನು ಮತ್ತೆ ಬಿತ್ತಿದರೆ ಅದೇ ಮೊದಲ ಅಂತಸ್ತು ಕೋಣೆ ಕೋಣೆಯಾಗಿ ಮತ್ತೆ ಏಳುತ್ತದೆ. ಆದರೂ ಬಿತ್ತಿದವನಿಗೆ ಬೆಳೆ ಕಾಣುವುದು ನಡೆದು ನೋಡಿದಾಗಲೇ.

ಕಟ್ಟಿದ ಪಾತಾಳವನ್ನು ತೋರಿಸುವುದೂ ಆಗ ಒಂದು ಸಮಸ್ಯೆಯಾಗಿತ್ತು. ದೊಡ್ಡ ಗಣಕ ಎಲ್ಲಿಯೋ ಇರುತ್ತಿತ್ತು. ಹತ್ತಾರು ಜನರು ತಂತಿಯ ತುದಿಯ ಟರ್ಮಿನಲ್ಲುಗಳಿಂದ ಅದನ್ನು ಹಂಚಿಕೊಳ್ಳುತ್ತಿದ್ದರು. ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಂತೆ, ಸೆಕೆಂಡಿಗೆ 300 ಬಿಟ್ ಸಾಗಿಸುವ ತಂತಿಯಲ್ಲಿ 1,920 ಮನೆಗಳ ಪರದೆಯನ್ನು ತುಂಬಲು 64 ಸೆಕೆಂಡು ಬೇಕು. 1,200 ಬಿಟ್‌ನ ತಂತಿಯಾದರೂ 16 ಸೆಕೆಂಡು. ಒಂದು ಹೆಜ್ಜೆಗೊಮ್ಮೆ ಹದಿನಾರು ಸೆಕೆಂಡು ಕಾಯುವ ತಾಳ್ಮೆ ಯಾರಿಗಿದೆ? ಬರ್ಕ್ಲಿ ಶಾಖೆಯ ಕೆನ್ ಆರ್ನಾಲ್ಡ್ ಸಿದ್ಧಪಡಿಸಿದ್ದ ‘ಕರ್ಸಸ್’ ಎಂಬ ಸಲಕರಣೆ ಇಲ್ಲಿ ನೆರವಿಗೆ ಬಂತು. ಬಿಲ್ ಜಾಯ್ ಅವರ ‘ವಿಐ’ ಎಂಬ ಬರವಣಿಗೆಯ ಕ್ರಮವಿಧಿಯಿಂದ ಕೆಲವು ಭಾಗಗಳನ್ನು ತೆಗೆದುಕೊಂಡು ಬೆಳೆಸಿದ್ದು ಅದು. ಪರದೆಯ ಮೇಲೆ ಈಗ ಏನಿದೆ, ಇನ್ನು ಏನಿರಬೇಕು ಎಂಬ ಎರಡು ನಕ್ಷೆಗಳನ್ನು ಗಣಕದಲ್ಲಿಯೇ ಇಟ್ಟುಕೊಂಡು, ಬೇರೆಯಾದ ಮನೆಗಳನ್ನು ಮಾತ್ರ ಕಳುಹಿಸುವುದೇ ಅದರ ಜಾಣತನ. @ ಒಂದು ಮನೆ ಸರಿದರೆ ಬದಲಾಗುವುದು ಎರಡೇ ಮನೆ: ಬಿಟ್ಟದ್ದು ಮತ್ತು ಹೊಕ್ಕದ್ದು. ಸೆಕೆಂಡಿನ ಅಲ್ಪಭಾಗದಲ್ಲಿ ಕೆಲಸ ಮುಗಿಯಿತು. ಲಾಳಿಯು ಬದಲಾದ ಎಳೆಗಳಲ್ಲಿ ಮಾತ್ರ ಹಾಯ್ದಂತೆ ಎನ್ನಬಹುದೇನೋ; ನೇಕಾರರು ಈ ಹೋಲಿಕೆಯನ್ನು ಒಪ್ಪಲಾರರು. ಮುಂದೆ ಟಾಯ್ ಬರ್ಕ್ಲಿಗೆ ಹೋದರು, ಆರ್ನಾಲ್ಡ್ ಅವರೇ ಆಟದ ಮೂರನೆಯ ಕರ್ತೃವಾದರು.

ಆಟದ ಹೆಸರನ್ನು ಸೂಚಿಸಿದವರು ವಿಕ್ಮನ್. ಯುನಿಕ್ಸ್ ಗಣಕಗಳಲ್ಲಿ ಅಪ್ಪಣೆಯ ಹೆಸರು ಚಿಕ್ಕದಾಗಿರಬೇಕು. ಜೊತೆಗೆ, ಗುಂಪು ಕಟ್ಟಿಕೊಳ್ಳದೆ ಒಬ್ಬನೇ ಅಲೆಯುವವನಿಗೆ ಆ ಪದ ಒಪ್ಪುತ್ತದೆ.

ಕವಡೆಯ ಕೈವಾಡ ನಕ್ಷೆಗೆ ನಿಲ್ಲಲಿಲ್ಲ. ಪಾತಾಳದಲ್ಲಿ ಸಿಗುವ ಮದ್ದಿನ ಸೀಸೆಗಳಿಗೆ ಬಣ್ಣವಷ್ಟೇ ಗೊತ್ತು, ಗುಣ ತಿಳಿಯದು. ಇಂದಿನ ಆಟದಲ್ಲಿ ನೀಲಿ ಮದ್ದು ಗಾಯ ಮಾಯಿಸಿದರೆ ನಾಳಿನ ಆಟದಲ್ಲಿ ಅದೇ ನೀಲಿ ಕಣ್ಣು ಕಟ್ಟಬಹುದು. ಸುರುಳಿಗಳ ಮೇಲಿನ ಹೆಸರುಗಳೂ ಅರ್ಥವಿಲ್ಲದ ಉಚ್ಚಾರಗಳನ್ನು ಜೋಡಿಸಿದವು. ನೆನಪು ಉಪಯೋಗಕ್ಕೆ ಬಾರದು; ಕುಡಿದು ನೋಡಬೇಕು, ಫಲವನ್ನು ಗಮನಿಸಬೇಕು, ಗುರುತು ಹಾಕಿಕೊಳ್ಳಬೇಕು. ರಸಾಯನ ಪ್ರಯೋಗಶಾಲೆಯಲ್ಲಿ ಗುರುತಿಲ್ಲದ ಲವಣವನ್ನು ವಿಶ್ಲೇಷಿಸುವ ವಿದ್ಯಾರ್ಥಿಯ ಸ್ಥಿತಿಯೇ ಇದು. ವ್ಯತ್ಯಾಸವೆಂದರೆ, ಅಲ್ಲಿ ಲವಣವನ್ನು ನಾಲಗೆಗೆ ಇಡಕೂಡದು. ಇಲ್ಲಿ ಇಡದೆ ಗತಿಯಿಲ್ಲ. ಹಸಿವೂ ಬೆನ್ನಟ್ಟುತ್ತದೆ. ಅನ್ನ ಹುಡುಕಿ ಮುಂದೆ ಮುಂದೆ ಸಾಗದಿದ್ದರೆ ಸಾಹಸಿ ಕುಳಿತಲ್ಲಿಯೇ ಸಾಯುತ್ತಾನೆ.

ಸತ್ತರೆ ಮತ್ತೆ ಎದ್ದು ಬರುವ ಮಾತಿಲ್ಲ. ಆಟವನ್ನು ಅರ್ಧಕ್ಕೆ ನಿಲ್ಲಿಸಿ ಕಡತದಲ್ಲಿ ಕಾದಿಡಬಹುದು, ಊಟ ಮಾಡಿ ಬಂದು ಮುಂದುವರಿಸಬಹುದು. ಆದರೆ ಮುಂದುವರಿಸಿದ ಕೂಡಲೇ ಆ ಕಡತವನ್ನು ಯಂತ್ರ ಅಳಿಸಿಬಿಡುತ್ತದೆ. ಅಪಾಯದ ಬಾಗಿಲ ಮುಂದೆ ಒಂದು ಪ್ರತಿ ಇಟ್ಟು, ಸತ್ತರೆ ಅಲ್ಲಿಂದಲೇ ಇನ್ನೊಮ್ಮೆ ನೋಡೋಣ ಎನ್ನುವ ಹಂಚಿಕೆ ನಡೆಯದು. ಕೆಲವರಿಗೆ ಇದು ಕ್ರೌರ್ಯವೆನಿಸಿತು. ನನ್ನ ದೃಷ್ಟಿಯಲ್ಲಿ ಇದಿಲ್ಲದಿದ್ದರೆ ಉಳಿದ ಉಪಾಯಗಳೆಲ್ಲ ವ್ಯರ್ಥ. ಹಿಂದಿರುಗಿ ಆರಿಸಿಕೊಳ್ಳುವ ಹಕ್ಕಿದ್ದವನಿಗೆ ಕವಡೆಯ ಭಯವಿಲ್ಲ. ಇಷ್ಟವಾದ ಸಂಖ್ಯೆ ಬೀಳುವವರೆಗೆ ಎಸೆಯುತ್ತಲೇ ಹೋದಾನು. ಚೌಕಾಬಾರದ ಕಟ್ಟೆಯ ಮೇಲೆ ಅಂಥವನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ.

ಬರ್ಕ್ಲಿಯಿಂದ 1983ರಲ್ಲಿ ಹೊರಬಂದ ಯುನಿಕ್ಸಿನ 4.2 ಆವೃತ್ತಿಯೊಡನೆ ರೋಗ್ ವಿಶ್ವವಿದ್ಯಾಲಯಗಳಿಗೆಲ್ಲ ಹಬ್ಬಿತು. ಅದನ್ನು ಅನುಸರಿಸಿ ‘ಹ್ಯಾಕ್’, ‘ಮೋರಿಯಾ’, 1987ರಲ್ಲಿ ‘ನೆಟ್‌ಹ್ಯಾಕ್’ ಹುಟ್ಟಿದವು. ಈ ಜಾತಿಯ ಆಟಗಳಿಗೆ ಇಂಗ್ಲಿಷಿನಲ್ಲಿ ‘ರೋಗ್‌ಲೈಕ್’ ಎಂಬ ಹೆಸರೇ ನಿಂತಿದೆ. ಮನೆಯ ಗಣಕಗಳಿಗಾಗಿ ಮಾರಾಟಕ್ಕೆ ತಂದ ರೋಗ್ ಮಾತ್ರ ಹೆಚ್ಚು ಹಣ ತರಲಿಲ್ಲ. ಜಮಖಂಡಿ, ಮುಧೋಳ, ಬೀಳಗಿಗಳ ವಿದ್ಯಾರ್ಥಿಗಳು ಇಂದು ತಮ್ಮ ಮೊಬೈಲಿನಲ್ಲಿ ಆಡುವ ಆಟಗಳ ಪೈಕಿ, ಪ್ರತಿಸಲವೂ ಹೊಸ ನಕ್ಷೆ ತೋರಿಸುವವುಗಳ ಹಿಂದೆ ಇದೇ ಕವಡೆ–ಮಗ್ಗಗಳ ಕೂಟವಿದೆ.

ಇನ್ನೊಂದು ಘಟನೆಯನ್ನು ಬಿಡಲಾಗದು. ಕಾರ್ನೆಗಿ–ಮೆಲನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮಾಲ್ಡಿನ್, ಗೈ ಜೇಕಬ್ಸನ್, ಆಂಡ್ರೂ ಆಪೆಲ್, ಲೆನರ್ಡ್ ಹೇಮಿ ಎಂಬ ನಾಲ್ವರು ರೋಗ್ ಆಟವನ್ನು ತಾನಾಗಿಯೇ ಆಡುವ ಕ್ರಮವಿಧಿಯೊಂದನ್ನು ಬರೆದು ಅದಕ್ಕೆ ‘ರೋಗ್–ಓ–ಮ್ಯಾಟಿಕ್’ ಎಂದು ಹೆಸರಿಟ್ಟರು. ಗಣಕದ ಪಾತಾಳಕ್ಕೆ ಗಣಕವೇ ಸಾಹಸಿ! ಅದಕ್ಕೂ ಮನುಷ್ಯನಿಗೆ ಕಾಣುವಷ್ಟೇ ಕಾಣುತ್ತಿತ್ತು: ಪರದೆಯ ಮೇಲಿನ ಅಕ್ಷರಗಳು ಮಾತ್ರ; ಬೀಜಸಂಖ್ಯೆಯ ಗುಟ್ಟು ಅದಕ್ಕಿಲ್ಲ. ಯಾವ ಪ್ರಾಣಿಯೊಡನೆ ಕಾದಬೇಕು, ಯಾವುದರಿಂದ ಓಡಬೇಕು, ಯಾವಾಗ ನಿಂತು ಸುಧಾರಿಸಿಕೊಳ್ಳಬೇಕು ಎಂಬುದಕ್ಕೆಲ್ಲ ನಿಯಮಗಳಿದ್ದುವು. 1983ರಲ್ಲಿ ಮೂರು ವಾರಗಳ ಕಾಲ ಲೆಕ್ಕವಿಟ್ಟು ನೋಡಿದಾಗ, ಅದು ಗಳಿಸಿದ ಅಂಕಗಳ ಮಧ್ಯಾಂಕವು ಅಲ್ಲಿಯ ಹದಿನೈದು ಮಂದಿ ನುರಿತ ಆಟಗಾರರಲ್ಲಿ ಪ್ರತಿಯೊಬ್ಬರ ಮಧ್ಯಾಂಕಕ್ಕಿಂತಲೂ ಮೇಲಿತ್ತು. ಒಂದೆರಡು ಆಟಗಳ ಅದೃಷ್ಟ ಮಧ್ಯಾಂಕವನ್ನು ಎತ್ತಲಾರದು ಎಂಬುದನ್ನು ಸಂಖ್ಯಾಶಾಸ್ತ್ರ ಓದಿದವರು ಬಲ್ಲರು. ಒಂದು ಮೂಲೆಯಲ್ಲಿ ಪಾತಾಳವನ್ನು ಕಟ್ಟುತ್ತ, ಇನ್ನೊಂದು ಮೂಲೆಯಲ್ಲಿ ಅದೇ ಪಾತಾಳದೊಳಗೆ ಕತ್ತಲೆಯ ಕೋಣೆಗಳನ್ನು ತಡವುತ್ತ, ಒಂದೇ ಗಣಕವು ತನಗೆ ತಾನೇ ಅಪರಿಚಿತವಾಗಿ ರಾತ್ರಿಯಿಡೀ ಆಡುತ್ತಿರಬಹುದಾಗಿತ್ತು.